ಗೂಡಿನಲ್ಲಿಟ್ಟ ಹನ್ನೆರಡು ಪುಶ್‌ರಾಡು

"ಇದು ಎಲ್ಲಿ ಬಾಗ್ಯದ ಅಂತೀ ಅಕ್ಕಾ? ನನ್ನ ಕಣ್ಣಿಗಂತೂ ಬಾಣ ಇದ್ದಂಗ ಅದ."

ಲಾರಿ ಡ್ರೈವರ್ ಸಾಯಬಣ್ಣ ಒಂದು ಕಣ್ಣು ಮುಚ್ಚಿ, ಗೇಣಿಗಿಂತ ತುಸು ಉದ್ದದ ಉಕ್ಕಿನ ಕಡ್ಡಿಯೊಂದನ್ನು ಬಂದೂಕಿನ ಹಾಗೆ ಮುಖದ ಮುಂದೆ ಹಿಡಿದಿದ್ದಾರೆ. ವಾಡಿ ಸ್ಟೇಷನ್ನಿನಿಂದ ಮುಂಜಾನೆಯ ಗಾಡಿ ಈಗಷ್ಟೇ ಹೊರಟಿದೆ. ಅದರ ಹೊಗೆ ಇನ್ನೂ ಬೇವಿನ ಮರದ ನೆತ್ತಿ ಬಿಟ್ಟಿಲ್ಲ.

"ನಿನ್ನ ಕಣ್ಣಿಗೆ ಶಹಾಬಾದ್ ರಸ್ತೇನೂ ಬಾಣ ಇದ್ದಂಗೇ ಕಾಣ್ತದ. ಅದಕ್ಕೇ ಹೋದ ತಿಂಗಳ ಗಾಡಿ ಒಯ್ದು ತೊಗರಿ ಹೊಲದಾಗ ಇಳಿಸಿದಿ," ಎನ್ನುತ್ತಾರೆ ಸುಗರಾಬಿ. "ತಾ ಇಲ್ಲಿ."

ಅವರ ಮುಂದೆ ನೆಲದ ಮೇಲೆ ಶಹಾಬಾದ್ ಕಲ್ಲಿನ ಒಂದು ಹಾಸು. ಎರಡು ಮೊಳ ಉದ್ದ, ಒಂದು ಮೊಳ ಅಗಲ, ನಾಲ್ಕು ಬೆರಳು ದಪ್ಪ. ಮೂಡಣ ಬಾಗಿಲು ಹಾರುಹೊಡೆದಿದೆ. ಹೊತ್ತು ಹುಟ್ಟಿ ಬಿಸಿಲು ನೆಲಕ್ಕೆ ಸಮನಾಗಿ ಮಲಗಿ ಒಳಗೆ ಬರುವ ಈ ಒಂದು ತಾಸೇ ಅವರ ದುಡಿಮೆಯ ಮುಖ್ಯ ಹೊತ್ತು. ಸುಗರಾಬಿ ಬಲಗೆನ್ನೆಯನ್ನು ಹೆಚ್ಚೂಕಡಿಮೆ ಕಲ್ಲಿಗೆ ತಾಗಿಸಿ ಬಾಗುತ್ತಾರೆ. ಅಂಗೈಯಿಂದ ಕಡ್ಡಿಯನ್ನು ಮೆಲ್ಲಗೆ ಉರುಳಿಸುತ್ತಾರೆ. ಅರ್ಧ ಸುತ್ತು ಉರುಳಿದಾಗ ಕಡ್ಡಿಯ ಹೊಟ್ಟೆಯ ಕೆಳಗೆ ನೂಲಿನೆಳೆಯಂಥ ಬೆಳಕು ಮಿಂಚುತ್ತದೆ. ಇನ್ನರ್ಧ ಸುತ್ತಿಗೆ ಅದು ಕಾಣೆಯಾಗುತ್ತದೆ.

"ಕಂಡತೇನು?"

ಸಾಯಬಣ್ಣ ಮಂಡಿಯೂರಿ ನೋಡುತ್ತಾರೆ. "ಅಯ್ಯ ಇವನ! ಕಳ್ಳ ಒಳಗೇ ಕುಂತಾನ."

ಸುಗರಾಬಿ ಗಾಳಿಪಟದ ತೆಳು ಕಾಗದದ ಒಂದು ಚೂರನ್ನು ಆ ಬೆಳಕಿನ ಸಂದಿನಲ್ಲಿ ತೂರಿಸುತ್ತಾರೆ. ಅದು ತೂರಿತೆಂದರೆ ಕಡ್ಡಿ ಕೆಲಸಕ್ಕೆ ಬಾರದು. ಬಾಗಿದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ. ಜಾಲಿಕಟ್ಟಿಗೆಯ ಎರಡು ತುಂಡುಗಳ ಮೇಲೆ ಕಡ್ಡಿಯನ್ನು ಅಡ್ಡ ಇಟ್ಟು, ಮರದ ಕೊಡತಿಯಿಂದ ಒಂದೇ ಪೆಟ್ಟು, ಕೂಸಿನ ಬೆನ್ನು ತಟ್ಟಿದ ಹಾಗೆ. ಮತ್ತೆ ಕಲ್ಲಿನ ಮೇಲೆ ಉರುಳಿಸುವುದು, ಮತ್ತೆ ಒಂದು ಪೆಟ್ಟು. ಬೆಂಕಿಗೆ ಹಿಡಿದರೆ ಬೇಗ ಆಗುವುದಿಲ್ಲವೇ ಎಂದು ಹೊಸಬರು ಕೇಳುವುದುಂಟು. "ಕಾಸಿದ್ರ ಉಕ್ಕಿನ ಜೀವ ಹೋಗ್ತದ. ಇವತ್ತು ಸೀದಾ ಆಗ್ತದ, ನಾಳಿಗೆ ಮೇಣದ ಬತ್ತಿ ಆಗ್ತದ," ಎಂಬುದು ಅವರ ಉತ್ತರ.

"ಸಾವ್ಕಾರ್ರು ಎಲ್ಲಿ?" ತಲೆ ಎತ್ತದೆ ಕೇಳುತ್ತಾರೆ.

"ಗಾಡ್ಯಾಗೇ ಕುಂತಾರ. ಚಿತ್ತಾಪುರ ದಾಟಿದಾಗಿಂದ ಮಾತಿಲ್ಲ. ಒಳಗ ಬರ್ಲಿಕ್ಕೆ ಅಂಜಾಕತ್ತಾರ ಅಕ್ಕಾ."

ಸುಗರಾಬಿಯವರ ಕೊಡತಿ ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಅವರ ಬೆನ್ನ ಹಿಂದೆ ಗೋಡೆಯ ಗೂಡಿನಲ್ಲಿ, ಹಸಿರು ಬಟ್ಟೆ ಮುಚ್ಚಿದ ಒಂದು ಹಲಗೆ ಇದೆ. ಹಲಗೆಗೆ ಹನ್ನೆರಡು ತೂತು, ತೂತಿಗೊಂದರಂತೆ ಹನ್ನೆರಡು ಕಡ್ಡಿ. ಅವುಗಳಲ್ಲಿ ಏಳನ್ನು ಸೀದಾ ಮಾಡಿದವರು ಸುಗರಾಬಿಯವರ ಗಂಡ ಲಾಲ್ ಅಹ್ಮದ್ ಮಿಸ್ತ್ರಿ. ಉಳಿದ ಐದು, ನಲವತ್ತೆಂಟನೆಯ ಇಸವಿಯ ಸೆಪ್ಟೆಂಬರಿನಿಂದ, ಆರು ವರ್ಷದ ಮೇಲೆ ಮೂರು ತಿಂಗಳು, ಹಾಗೇ ಇವೆ. ಅವುಗಳನ್ನು ಕೇಳಲೆಂದು ಕಾಳಗಿಯ ಲಾರಿ ಮಾಲೀಕ ಅಂಬಾರಾಯ ಸಾವ್ಕಾರರು ಇಂದು ಬಂದಿದ್ದಾರೆ. ಕೊಡುತ್ತೇನೆಂದರೆ ಲಾಲ್ ಅಹ್ಮದ್ ಇನ್ನು ಬರುವುದಿಲ್ಲ ಎಂದು ಸುಗರಾಬಿ ತಮ್ಮ ಬಾಯಿಂದಲೇ ಹೇಳಿದಂತೆ. ಕೊಡುವುದಿಲ್ಲವೆಂದರೆ ಆ ಕಡ್ಡಿಗಳ ಹಳೆಯ ಲಾರಿಯನ್ನು ನಾಳೆಯೇ ಗುಜರಿಯವರು ಒಡೆಯುತ್ತಾರೆ.

ಈ ಕಡ್ಡಿಯ ಬೆಲೆ ಹೊರಗಿನವರಿಗೆ ತಿಳಿಯುವುದು ಕಷ್ಟ. ಲಾರಿಯಲ್ಲಿ ಕೂತವರಿಗೆ ಕಾಣುವುದು ಚಕ್ರ, ಕೇಳುವುದು ಹಾರ್ನು. ಮುಚ್ಚಳದೊಳಗೆ ಎಣ್ಣೆಯಲ್ಲಿ ನೆನೆದು, ನಿಮಿಷಕ್ಕೆ ಸಾವಿರ ಸಲ ಎದ್ದು ಕೂರುವ ಕಡ್ಡಿಯನ್ನು ಕಂಡವರು ಯಾರು? ಅದನ್ನು ತಿಳಿಸಿ ಹೇಳಬೇಕೆಂದರೆ ಪಕ್ಕದ ಮನೆಯ ಇಸಾಕ ಬೇಕು. ರೇಲ್ವೆ ಶೆಡ್ಡಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ಈಗ ಮನೆಯಲ್ಲಿರುವ ಇಸಾಕ, ದಿನಾ ಇದೇ ಹೊತ್ತಿಗೆ ಚಹಾದ ಬಟ್ಟಲು ಹಿಡಿದು ಇಲ್ಲಿಗೆ ಬರುತ್ತಾರೆ. ಲಾಲ್ ಅಹ್ಮದರ ಗೆಳೆಯ, ಸುಗರಾಬಿಯವರನ್ನು ಕರೆಯುವುದು ಭಾಭಿ ಎಂದು.

"ಇಂಜಿನ್ನಿನ ಹೊಟ್ಟಿಯಾಗ ಒಂದು ದಂಡ ತಿರಗ್ತದ್ರಿ, ಕ್ಯಾಮ್‌ಶಾಫ್ಟ್ ಅಂತಾರ," ಎಂದು ಅವರು ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಾರೆ. "ಅದಕ್ಕ ಕೋಳಿ ತತ್ತಿ ಇದ್ದಂಗ ಉಬ್ಬು ಅದಾವ. ತತ್ತಿಯ ಚೂಪ ಮ್ಯಾಲ ಬಂತು ಅಂದ್ರ ಈ ಪುಶ್‌ರಾಡ್ ಮ್ಯಾಲ ಏಳ್ತದ. ಮ್ಯಾಲ, ಇಂಜಿನ್ನಿನ ತಲಿಯಾಗ, ತಕ್ಕಡಿ ದಂಡಿ ಇದ್ದಂಗ ರಾಕರ್ ಕುಂತದ. ಈ ಕಡಿ ಎತ್ತಿದ್ರ ಆ ಕಡಿ ಇಳೀತದ. ಇಳಿದು ವಾಲ್ವ್ ಒತ್ತತದ, ಬಾಗಲಾ ತೆರೀತದ. ಉಬ್ಬು ದಾಟಿತಂದ್ರ ಸ್ಪ್ರಿಂಗ್ ಮುಚ್ಚತದ. ಒಂದು ಬಾಗಲದಾಗ ಪೆಟ್ರೋಲಿನ ಗಾಳಿ ಒಳಗ, ಇನ್ನೊಂದರಾಗ ಹೊಗಿ ಹೊರಗ. ಒಂದು ಸಿಲಿಂಡರಕ್ಕ ಎರಡು ಕಡ್ಡಿ. ಆರು ಸಿಲಿಂಡರ ಅಂದ್ರ ಹನ್ನೆರಡು."

ಕಡ್ಡಿ ಬಾಗಿದರೆ ಗಿಡ್ಡವಾಗುತ್ತದೆ. ಗಿಡ್ಡವಾದರೆ ವಾಲ್ವ್ ಅರ್ಧಕ್ಕೇ ತೆರೆಯುತ್ತದೆ. ಮುಚ್ಚಳದೊಳಗೆ ಕಟಕಟ ಸದ್ದು ಹುಟ್ಟಿ, ಕಲ್ಲು ಹೇರಿದ ಲಾರಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕಡ್ಡಿ ಬಾಗುವುದಾದರೂ ಯಾಕೆ? ವಾಲ್ವ್ ಕಿಟ್ಟ ಹಿಡಿದು ಸಿಕ್ಕಿಕೊಂಡಾಗ, ಕೆಳಗಿನಿಂದ ಕ್ಯಾಮ್ ದೂಡುತ್ತದೆ, ಮೇಲಿನಿಂದ ವಾಲ್ವ್ ಜಪ್ಪಯ್ಯ ಎನ್ನುವುದಿಲ್ಲ. ನಡುವೆ ಸಿಕ್ಕಿದ ಕಡ್ಡಿ ಬಾಗುತ್ತದೆ.

"ಅದು ಬಾಗ್ತದಂತಲೇ ಉಳಿದದ್ದು ಉಳೀತದ," ಎನ್ನುತ್ತಾರೆ ಸುಗರಾಬಿ. "ಮನಿಯಾಗೂ ಒಬ್ಬರು ಬಾಗಬೇಕು."

ಈ ಮಾತಿಗೆ ಸಾಯಬಣ್ಣ ನಗುತ್ತಾರೆ. ಆದರೆ ಕಡ್ಡಿಯ ವಿಷಯದಲ್ಲಿ ಅವರಿಗೆ ನಗುವ ಹಕ್ಕು ಕಡಿಮೆ. ಮೂರು ವರ್ಷದ ಹಿಂದೆ ಅವರು ಸೇಡಂನಲ್ಲಿ ಒಬ್ಬ ಇಂಜಿನಿಯರ್ ಸಾಹೇಬರ ಚಿಕ್ಕ ವಿಲಾಯಿತಿ ಕಾರು ಓಡಿಸುತ್ತಿದ್ದರು. ಮುಧೋಳದ ದಾರಿಯಲ್ಲಿ ಕಾರು ನಿಂತಿತು. ಲಾರಿಯಲ್ಲಿ ಪಳಗಿದ ಕೈ. ಮೇಲಿನ ಮುಚ್ಚಳ ಬಿಚ್ಚಿ ನೋಡಿದರು. ರಾಕರ್ ಇವೆ, ವಾಲ್ವ್ ಇವೆ, ಕಡ್ಡಿ ಒಂದೂ ಇಲ್ಲ! ಹಿಂದಿನ ರಾತ್ರಿ ಕಾರು ಸೇಡಂನ ಮುಸಾಫಿರಖಾನೆಯ ಮುಂದೆ ನಿಂತಿತ್ತು. ಸಾಯಬಣ್ಣ ಸೀದಾ ಠಾಣೆಗೆ ಹೋಗಿ, ಎಂಟು ಕಡ್ಡಿ ಕಳವಾಗಿವೆ ಎಂದು ಬರೆಸಿದರು.

"ಜಮಾದಾರ ಉರ್ದುವಿನಾಗ ಬರಕೊಂಡಾ ನೋಡ್ರಿ," ಎಂದು ಇಸಾಕ ತೊಡೆ ತಟ್ಟಿಕೊಳ್ಳುತ್ತಾರೆ. "ಕಳವಾದ ಮಾಲು: ಕಬ್ಬಿಣದ ಕಡ್ಡಿ ಎಂಟು. ಗುಮಾನಿ: ಇಬ್ಬರು ಗುಜರಿಯವರು. ಪಾಪ, ಅವರನ್ನ ಸಂಜಿತನಕ ಕುಂದ್ರಿಸಿದ್ರು!"

"ನನಗೇನು ಕನಸು ಬಿದ್ದಿತ್ತೇನು ಕಾಕಾ? ಕಡ್ಡಿ ಇಲ್ಲದ ಇಂಜಿನ್ ನಮ್ಮ ಮುತ್ತ್ಯಾ ಕಂಡಿದ್ದನೇನು?"

ಆ ಕಾರನ್ನು ನೋಡಲು ಇಸಾಕರೇ ಹೋಗಿದ್ದರು. ಅದರ ಕಡ್ಡಿಯನ್ನು ಯಾರೂ ಕದ್ದಿರಲಿಲ್ಲ, ಅದರಲ್ಲಿ ಕಡ್ಡಿ ಮೊದಲಿನಿಂದ ಇರಲೇ ಇಲ್ಲ. ಕ್ಯಾಮ್‌ಶಾಫ್ಟೇ ಹೊಟ್ಟೆ ಬಿಟ್ಟು ತಲೆಯ ಮೇಲೆ ಏರಿ ಕೂತಿತ್ತು. ಅದರ ಉಬ್ಬು ನೇರವಾಗಿ ರಾಕರನ್ನೇ ಒತ್ತುತ್ತಿತ್ತು. ಕೆಳಗೆ ಪಿಸ್ಟನ್ನುಗಳು ತಿರುಗಿಸುವ ದಂಡದಿಂದ ಮೇಲಿನ ಕ್ಯಾಮಿಗೆ ಒಂದು ಉದ್ದನೆಯ ಚೈನು.

ಯಾವುದು ಮೇಲು ಎಂದರೆ ಇಸಾಕ ಬಟ್ಟಲು ಕೆಳಗಿಟ್ಟು ಯೋಚಿಸುತ್ತಾರೆ. ಕಸಬಿನವರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಖರೆ ಹೇಳ್ತೀನ್ರಿ, ಅದರ ರಚನಾ ಶಾಣ್ಯಾತನದ್ದು. ನಡುವ ಕಡ್ಡಿ ಇಲ್ಲ ಅಂದ್ರ ಭಾರ ಕಡಿಮಿ. ಭಾರ ಕಡಿಮಿ ಅಂದ್ರ ಭಾಳ ಜೋರಾಗಿ ತಿರುಗಬಹುದು. ನಮ್ಮ ಲಾರಿ ಹಂಗ ತಿರುವಿದ್ರ ಕಡ್ಡಿ ಏಳೋದು ಇಳಿಯೋದು ತಾಳ ತಪ್ಪತದ, ಸ್ಪ್ರಿಂಗಿಗೆ ಮುಚ್ಚಲಿಕ್ಕೆ ಪುರಸತ್ತೇ ಸಿಗಂಗಿಲ್ಲ. ಆದ್ರ ನಮ್ಮ ಲಾರಿ ಯಾಕ ಅಷ್ಟು ತಿರುಗಬೇಕು? ಓಡೋ ಕುದುರಿಗೆ ಅದು, ಎಳಿಯೋ ಎತ್ತಿಗೆ ಇದು."

ಇನ್ನೊಂದು ಮಾತನ್ನೂ ಅವರು ಸೇರಿಸುತ್ತಾರೆ. ಕಡ್ಡಿಯ ಇಂಜಿನ್ನಿನಲ್ಲಿ ಕ್ಯಾಮು ಕೆಳಗೇ ಇರುವುದರಿಂದ ತಲೆಯನ್ನು ಎತ್ತಿ ಕೆಳಗಿಟ್ಟರೂ ತಾಳ ಕೆಡುವುದಿಲ್ಲ. ಕಡ್ಡಿಗಳನ್ನು ಹಿರಿದು, ಬೋಲ್ಟು ಬಿಚ್ಚಿ, ಚಿಂಚೋಳಿಯ ಕಾಡುದಾರಿಯಲ್ಲೇ ನಾಲ್ಕು ಪಾನಾ, ಅಂದರೆ ಸ್ಪ್ಯಾನರ್, ಇದ್ದವನು ಕೆಲಸ ಮುಗಿಸಬಹುದು. ಆ ಇನ್ನೊಂದು ತರಹದ್ದರಲ್ಲಿ ತಲೆ ಎತ್ತಬೇಕೆಂದರೆ ಚೈನು ಕಳಚಬೇಕು, ಮತ್ತೆ ಹಲ್ಲಿಗೆ ಹಲ್ಲು ಗುರುತು ಹಿಡಿದು ಕೂಡಿಸಬೇಕು. ಒಂದು ಹಲ್ಲು ತಪ್ಪಿದರೆ ತಾಳವೆಲ್ಲ ತಪ್ಪಿತು. ಚೈನು ಕಡಿದರೆ ತೆರೆದ ವಾಲ್ವಿಗೆ ಪಿಸ್ಟನ್ನೇ ಬಂದು ಬಡಿಯುವುದೂ ಉಂಟು. ಅಲ್ಲಿ ಬಾಗಿ ಉಳಿಸುವ ಕಡ್ಡಿ ಇಲ್ಲ.

"ಮುಂದ ಅದೇ ಬರ್ತದ ಭಾಭಿ," ಎನ್ನುತ್ತಾರೆ ಇಸಾಕ, ಮೆಲ್ಲಗೆ.

"ಬರಲಿ ಬಿಡ್ರಿ. ಬರೋರನ್ನ ಬ್ಯಾಡ ಅನ್ನಲಿಕ್ಕೆ ನಾ ಯಾರು? ಬರದೇ ಇದ್ದವರನ್ನ ಕಾಯೋದು ಒಂದೇ ನನಗ ಗೊತ್ತು."

ಅವರು ಮುಂದಿನ ಕಡ್ಡಿ ಎತ್ತಿಕೊಳ್ಳುತ್ತಾರೆ. ಅದು ಸಣ್ಣ ಸದ್ದು ಮಾಡುತ್ತಾ ಕಲ್ಲಿನ ಮೇಲೆ ಉರುಳುತ್ತದೆ.

ಈ ಕಲ್ಲಿಗೂ ಒಂದು ಕಥೆಯಿದೆ. ಲಾಲ್ ಅಹ್ಮದ್ ಶಹಾಬಾದಿನ ಗಣಿಯಲ್ಲಿ ನೂರು ಹಾಸು ನೋಡಿ ಮೂರನ್ನು ಆರಿಸಿದ್ದರು. ಎರಡು ಕಲ್ಲನ್ನೇ ಒಂದಕ್ಕೊಂದು ತಿಕ್ಕಿದರೆ ಒಂದು ತಗ್ಗಾಗಿ ಒಂದು ಉಬ್ಬಾಗಿ ಎರಡೂ ಸುಳ್ಳು ಹೇಳಬಹುದು. ಮೂರನ್ನು ಸರದಿಯ ಮೇಲೆ ತಿಕ್ಕಿದರೆ ಸುಳ್ಳಿಗೆ ಜಾಗವಿಲ್ಲ. ಶೆಡ್ಡಿನ ಈ ಗುಟ್ಟನ್ನು ಹೇಳಿಕೊಟ್ಟವರು ಇಸಾಕ. ಮರಳು, ನೀರು ಹಾಕಿ, ಗಂಡಹೆಂಡತಿ ಎದುರುಬದುರು ಕೂತು, ಒಂದು ಬೇಸಿಗೆಯಿಡೀ ತಿಕ್ಕಿದರು. ಮದುವೆಯಾಗಿ ಎರಡನೆಯ ವರ್ಷ ಅದು.

"ಬ್ಯಾರೇ ಹೆಂಗಸರಿಗೆ ಗಂಡ ಬಳಿ ತರ್ತಾನ, ನನಗ ಬಂಡಿಗಲ್ಲು ತಂದಾನ ಅಂತಿದ್ದೆ. ಅದಕ್ಕ ಅವರು, 'ಬಳಿ ಒಡೀತಾವ ಸುಗರಾ, ಇದು ಒಡಿಯಂಗಿಲ್ಲ' ಅಂತಿದ್ರು," ಎಂದು ಸುಗರಾಬಿ ಕೊಡತಿಯನ್ನು ನೋಡುತ್ತಾ ಹೇಳುತ್ತಾರೆ. ಅವರ ಕೈಯಲ್ಲಿ ಹಸಿರು ಬಳೆ ಇನ್ನೂ ಇವೆ.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಲಾರಿಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಅದರ ಕಿಟ್ಟಕ್ಕೆ ವಾಲ್ವುಗಳು ಸಿಕ್ಕಿಕೊಳ್ಳುತ್ತಿದ್ದವು, ಕಡ್ಡಿಗಳು ಬಾಗುತ್ತಿದ್ದವು. ಹೊಸದು ಬೇಕೆಂದರೆ ಮುಂಬೈಗೆ ಬರೆದು ಮೂರು ತಿಂಗಳು ಕಾಯಬೇಕು. ಆಗ ಲಾಲ್ ಅಹ್ಮದ್ ಮಿಸ್ತ್ರಿಯ ಹೆಸರು ಚಿಂಚೋಳಿಯ ತನಕ ಹರಡಿತು. ಪೆಟ್ಟು ಗಂಡನದು, ನೋಟ ಹೆಂಡತಿಯದು. ಅಕ್ಕಿಯಲ್ಲಿ ಹರಳು ಹೆಕ್ಕಿದ ಕಣ್ಣು, ಬೆಳಕಿನ ಎಳೆಯನ್ನು ಬಿಡುತ್ತದೆಯೇ? "ಇನ್ನೊಂದು ಕೂದಲಷ್ಟು," ಎಂದು ಹೆಂಡತಿ ಹೇಳುವುದು, ಗಂಡ ಹೊಡೆಯುವುದು.

ನಲವತ್ತೆಂಟರ ಮಳೆಗಾಲ, ಹೈದರಾಬಾದ್ ಸಂಸ್ಥಾನಕ್ಕೆ ದೇಶದ ಫೌಜು ಇಳಿದ ಹೊತ್ತು. ಎಲ್ಲ ಊರುಗಳಲ್ಲೂ ಗದ್ದಲ, ಎಲ್ಲ ಮನೆಗಳಲ್ಲೂ ಪಿಸುಮಾತು. ಅದಕ್ಕೂ ಮುಂಚೆಯೇ ಅಂಬಾರಾಯರ ಲಾರಿಯ ಇಂಜಿನ್ ಬಿಚ್ಚಿ, ಕಡ್ಡಿಗಳನ್ನು ಕಾಳಗಿಯಿಂದ ತಂದಿದ್ದರು ಲಾಲ್ ಅಹ್ಮದ್. ಒಂದೊಂದು ಕಡ್ಡಿಯೂ ತನ್ನ ಜಾಗದಲ್ಲಿ ಸವೆದು ಅಲ್ಲಿಗೇ ಹೊಂದಿಕೊಂಡಿರುತ್ತದೆ. ಮೂರನೆಯದನ್ನು ಐದನೆಯದರ ಜಾಗಕ್ಕೆ ಹಾಕಬಾರದು. ಅದಕ್ಕೇ ಹಲಗೆ, ಅದಕ್ಕೇ ತೂತಿಗೊಂದು ಅಂಕಿ. ಏಳು ಮುಗಿದಿದ್ದವು. ವಾಲ್ವುಗಳನ್ನು ಒಮ್ಮೆ ನೋಡಿ ಹೋಗು ಎಂದು ಸಾವ್ಕಾರರು ಹೇಳಿಕಳಿಸಿದರು. ಗದ್ದಲ ಅಡಗಿತು ಎಂದು ಎಲ್ಲರೂ ಅನ್ನುತ್ತಿದ್ದ ಒಂದು ಗುರುವಾರ, ಲಾಲ್ ಅಹ್ಮದ್ ಪಾನಾದ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೊರಟರು. ತುಂಬಿದ ಕಾಗಿಣಾ ಹೊಳೆಯ ಈ ದಂಡೆಯಲ್ಲಿ ಬೀಡಿ ಹಚ್ಚಿ ಕೂತಿದ್ದನ್ನು ಕಂಡವರಿದ್ದಾರೆ. ಆ ದಂಡೆಯಲ್ಲಿ ಕಂಡವರಿಲ್ಲ.

"ಹೊಳಿ ಒಯ್ತೋ, ಮಂದಿ ಒಯ್ತೋ, ಇಲ್ಲಾ ರೈಲು ಹತ್ತಿ ಎಲ್ಲಿಗರೆ ಹೋದ್ರೋ," ಎನ್ನುತ್ತಾರೆ ಸುಗರಾಬಿ. "ಒಂದು ಪಾನಾ ಸಿಕ್ಕಿದ್ರೂ ನಾ ಅಳತಿದ್ದೆ. ಏನೂ ಸಿಗಲಿಲ್ಲ. ಏನ ಹಿಡಕೊಂಡು ಅಳಲಿ?"

ನಾಲ್ಕು ವರ್ಷ ಕಳೆದ ಮೇಲೆ ಹಿರಿಯರು ಬಂದು, ಗಂಡ ತೀರಿಕೊಂಡನೆಂದು ತಿಳಿದು ಇದ್ದತ್ ಕೂರು ಎಂದರು. ವಿಧವೆಯಾದವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಉಳಿಯುವ ವ್ರತ ಅದು. ಸುಗರಾಬಿ ಒಪ್ಪಲಿಲ್ಲ. ಅರ್ಧ ಕೆಲಸ ಬಿಟ್ಟು ಹೋದವರು ಬಂದೇ ಬರುತ್ತಾರೆ ಎಂಬುದು ಅವರ ಲೆಕ್ಕ.

ಹೊಟ್ಟೆ ಮಾತ್ರ ಕಾಯುವುದಿಲ್ಲವಲ್ಲ. ಇಸಾಕ ಶೆಡ್ಡಿನಿಂದ ನಲವತ್ತು ಗುಜರಿ ಕಡ್ಡಿ ತಂದು ಮುಂದೆ ಸುರಿದರು. ಕಣ್ಣಿಗೆ ಕಲಿಸುವುದೇನೂ ಇರಲಿಲ್ಲ, ಕೈಗೆ ಕಲಿಸಬೇಕಿತ್ತು. ಮೊದಲ ನಲವತ್ತೂ ಹಾಳಾದವು. ಒಂದು ಹೊಡೆತ ಬೆರಳಿಗೆ ಬಿದ್ದು ಎಡಗೈಯ ನಡುಬೆರಳಿನ ಉಗುರು ಹೋಯಿತು, ಇಂದಿಗೂ ಸರಿಯಾಗಿ ಬಂದಿಲ್ಲ. ಹೆಂಗಸು ಮುಟ್ಟಿದ ಕಡ್ಡಿ ಗಾಡಿಗೆ ಹಾಕುವುದಿಲ್ಲ ಎಂದ ಮಾಲೀಕರೂ ಇದ್ದರು. ಈಗ ಸೇಡಂ, ಶಹಾಬಾದ್, ಚಿಂಚೋಳಿಯ ಬಸ್ಸುಗಳಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಕಟ್ಟುಗಳು ಕಂಡಕ್ಟರರ ಕೈಯಲ್ಲಿ ಬರುತ್ತವೆ. ಮುಂಜಾನೆಯ ಒಂದು ತಾಸಿನಲ್ಲಿ ಎಂಟು, ಹೆಚ್ಚೆಂದರೆ ಹತ್ತು. ಸಂಜೆ ಹಿಂಬಾಗಿಲ ಬಿಸಿಲಿನಲ್ಲಿ ಇನ್ನು ಐದಾರು. ಒಂದು ಕಡ್ಡಿಯನ್ನು ಮೂವತ್ತು ನಲವತ್ತು ಸಲ ಉರುಳಿಸಬೇಕು. ಮೋಡ ಕವಿದ ದಿನ ಕೆಲಸವಿಲ್ಲ. ಕೆನ್ನೆ ಕಲ್ಲಿಗೆ ತಾಗಿ ತಾಗಿ ಬಲಗಡೆ ಕಪ್ಪು ಬಿದ್ದಿದೆ.

ಇಷ್ಟು ವರ್ಷದಲ್ಲಿ ಸಾವಿರಾರು ಕಡ್ಡಿ ಆ ಕಲ್ಲಿನ ಮೇಲೆ ಉರುಳಿವೆ. ಗೂಡಿನ ಹಲಗೆ ಮಾತ್ರ ಇಳಿದಿಲ್ಲ.

ಬಾಗಿಲಲ್ಲಿ ನೆರಳು. ಅಂಬಾರಾಯ ಸಾವ್ಕಾರರು ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದಾರೆ. ಅರವತ್ತು ದಾಟಿದ ಎತ್ತರದ ಆಳು, ಹಣೆಯಲ್ಲಿ ವಿಭೂತಿ. ಬೆಳಕಿಗೆ ಅಡ್ಡ ನಿಂತಿದ್ದೇನೆಂದು ತಿಳಿದು ಪಕ್ಕಕ್ಕೆ ಸರಿಯುತ್ತಾರೆ.

"ಬರ್ರಿ ಸಾವ್ಕಾರ್ರ, ಕುಂದ್ರಿ."

"ಕುಂದ್ರಲಿಕ್ಕೆ ಬಂದಿಲ್ಲ ತಂಗಿ. ಮಾಡಿದ ತಪ್ಪಿಗೆ ನಿಲ್ಲಲಿಕ್ಕೇ ಬಂದೀನಿ." ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಾರೆ. "ಅವತ್ತು ನಾ ಹೇಳಿಕಳಿಸಬಾರದಿತ್ತು. ಎರಡು ದಿನ ತಡದಿದ್ರ ನನ್ನ ಗಾಡಿಗೇನು ಆಗ್ತಿತ್ತು?"

"ಹೋಗೋರು ಹೋಗ್ತಿದ್ರು. ನಾನೇ ಬುತ್ತಿ ಕಟ್ಟಿ ಕೊಟ್ಟೀನಿ. ನಿಮ್ಮದೇನು ತಪ್ಪು?"

ಈ ಸೀಮೆಯ ಮಿಸ್ತ್ರಿಗಳಲ್ಲಿ ಒಂದು ಕಟ್ಟಳೆ ಇದೆ. ಬಿಚ್ಚಿದ ಕೈಯೇ ಇಂಜಿನ್ ಮುಚ್ಚಬೇಕು. ಆಗದಿದ್ದರೆ ಬಿಚ್ಚಿದವನು ಬಾಯಿಬಿಟ್ಟು ಇನ್ನೊಬ್ಬನಿಗೆ ಒಪ್ಪಿಸಬೇಕು. ಅವನು ತೀರಿಕೊಂಡಿದ್ದರೆ ಅವನ ಮನೆಯವರು ಒಪ್ಪಿಸಬೇಕು. ಆರು ವರ್ಷ ಅಂಬಾರಾಯರು ಆ ಕಟ್ಟಳೆ ಮುರಿದಿಲ್ಲ. ಕಾಳಗಿಯ ಅವರ ಹಿತ್ತಲಲ್ಲಿ ಲಾರಿ ತಾಡಪತ್ರಿ ಹೊದ್ದು ನಿಂತಿದೆ. ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆದು, ಇಂಜಿನ್ನಿಗೆ ಎಣ್ಣೆ ಬಿಟ್ಟು, ಹ್ಯಾಂಡಲ್ ತಿರುವಿ, ಮತ್ತೆ ಹೊದಿಸುತ್ತಾರೆ. ಮಕ್ಕಳು ನಗುತ್ತಾರೆ. ಈಗ ಆ ಮಕ್ಕಳಲ್ಲಿ ಆಸ್ತಿ ಪಾಲಾಗಿದೆ, ಹಿತ್ತಲು ಕಿರಿಯ ಮಗನ ಪಾಲಿಗೆ ಹೋಗಿದೆ. ಜಾಗ ಖಾಲಿ ಮಾಡಬೇಕು. ಶಹಾಬಾದಿನ ಗಣಿಯವರೊಬ್ಬರು, ಇಂಜಿನ್ ಶುರುವಾದರೆ ಹಾಗೇ ಒಯ್ಯುತ್ತೇವೆ ಎಂದಿದ್ದಾರೆ. ಆಗದಿದ್ದರೆ ನಾಳೆ ಗುಜರಿಯವರು ಸುತ್ತಿಗೆ ತರುತ್ತಾರೆ.

"ಹೊಸಾ ಕಡ್ಡಿ ಈಗ ಹೈದರಾಬಾದಿನಾಗೇ ಸಿಗ್ತಾವ," ಎನ್ನುತ್ತಾರೆ ಅಂಬಾರಾಯರು. "ತಂದು ಹಾಕಿಸಬಹುದಿತ್ತು. ಮನಸ್ಸು ಬರಲಿಲ್ಲ. ಮಿಸ್ತ್ರಿ ಏಳು ಮಾಡಿ ಇಟ್ಟಾನ. ಆ ಏಳೂ ಒಂದ್ಸಲ ಓಡಬೇಕಲ್ಲ ತಂಗಿ. ಒಡದು ಹಾಕಿದ್ರ ಅವನ ಕೈ ಕೆಲಸ ಸುಮ್ಮನೇ ಕಬ್ಬಿಣ ಆಗ್ತದ."

ಬಿಸಿಲು ಕಲ್ಲಿನ ಮೇಲೆ ಒಂದು ಬೆರಳು ಸರಿಯುತ್ತದೆ. ಇನ್ನು ಅರ್ಧ ತಾಸು ಕಳೆದರೆ ಈ ಬೆಳಕು ಎದ್ದುಬಿಡುತ್ತದೆ, ಸಂಜೆಯ ಬಿಸಿಲಿಗೆ ಕಾದರೆ ಇವತ್ತೇ ಕಾಳಗಿಗೆ ಹೋಗಿ ಇಂಜಿನ್ ಕೂಡಿಸಲಾಗುವುದಿಲ್ಲ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತು. ಇಸಾಕ ಚಹಾದ ಬಟ್ಟಲಿನೊಳಗೆ ನೋಡುತ್ತಿದ್ದಾರೆ.

ಆಮೇಲೆ ಸುಗರಾಬಿ ಏಳುತ್ತಾರೆ. ಗೂಡಿನ ಹಸಿರು ಬಟ್ಟೆ ತೆಗೆದು, ಹಲಗೆಯನ್ನು ಎರಡೂ ಕೈಯಿಂದ ಇಳಿಸಿ, ಕಲ್ಲಿನ ಪಕ್ಕ ಇಡುತ್ತಾರೆ. ಏಳು ಕಡ್ಡಿಗಳನ್ನು ಮುಟ್ಟುವುದಿಲ್ಲ. ಎಂಟನೆಯದನ್ನು ಹಿರಿಯುತ್ತಾರೆ.

ಎಂಟನೆಯ ಕಡ್ಡಿಯ ನಡುವೆ ಒಂದು ಸುಣ್ಣದ ಗೆರೆ ಇದೆ. ಅರ್ಧ ಬೆರಳಿನಷ್ಟು ಉದ್ದ, ತುಸು ಓರೆ. ಬಾಗಿದ ಜಾಗ ಗುರುತಿಸಿ, ಹೊಡೆಯುವ ಮುಂಚೆ ಲಾಲ್ ಅಹ್ಮದ್ ಎದ್ದು ಹೋಗಿದ್ದರು. ಉರುಳಿಸಿದರೆ ಗೆರೆ ಅಳಿಯುತ್ತದೆ. ಉರುಳಿಸದೆ ಸೀದಾ ಮಾಡಲು ಬರುವುದಿಲ್ಲ.

"ಅವರ ಗೆರಿ ಯಾವತ್ತೂ ಓರೇನೇ," ಎನ್ನುತ್ತಾರೆ ಸುಗರಾಬಿ. "ಎಷ್ಟು ಬೈದ್ರೂ ಸೀದಾ ಎಳೀಲಿಲ್ಲ."

"ಭಾಭಿ, ಅದೊಂದು ಬಿಡ್ರಿ," ಎನ್ನುತ್ತಾರೆ ಇಸಾಕ. "ಅದೊಂದು ಹೊಸಾದು ಹಾಕೋಣ. ಹನ್ನೊಂದು ಸಾಕು."

"ಬಿಟ್ಟರ ಕೆಲಸ ಮತ್ತ ಅರ್ಧನೇ ಉಳೀತದಲ್ಲ ಇಸಾಕಭಾಯಿ."

ಅವರು ಕೆನ್ನೆಯನ್ನು ಕಲ್ಲಿಗೆ ತಾಗಿಸುತ್ತಾರೆ. ಅಂಗೈ ಚಲಿಸುತ್ತದೆ. ಒಂದೇ ಸುತ್ತು. ಕಲ್ಲಿನ ಮೇಲೆ ಬಿಳಿ ಚುಕ್ಕೆಯೊಂದು ಮೂಡಿ, ಎರಡನೆಯ ಸುತ್ತಿಗೆ ಅದೂ ಮಸುಕಾಗುತ್ತದೆ. ಕೊಡತಿ ಅದೇ ಜಾಗಕ್ಕೆ ಬೀಳುತ್ತದೆ. ಗುರುತು ಸರಿಯಾಗಿತ್ತು. ಎರಡೇ ಪೆಟ್ಟಿಗೆ ಕಡ್ಡಿ ಸೀದಾ. ಉಳಿದ ನಾಲ್ಕಕ್ಕೆ ಗುರುತು ಹಾಕಿದವರು, ಹೊಡೆದವರು ಸುಗರಾಬಿಯವರೇ. ಬಾಯಿ ಸುಮ್ಮನಿರದ ಸಾಯಬಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಹನ್ನೆರಡನೆಯ ಕಡ್ಡಿ ತೂತಿಗೆ ಇಳಿಯುವಾಗ ಬಿಸಿಲು ಕಲ್ಲು ಬಿಟ್ಟು ಎದ್ದಿದೆ.

"ಮುಚ್ಚೋ ಕೆಲಸ ಇಸಾಕಭಾಯಿಗೆ ಒಪ್ಪಿಸೀನಿ," ಎನ್ನುತ್ತಾರೆ ಸುಗರಾಬಿ, ಪ್ರತಿ ಮಾತನ್ನೂ ಎತ್ತಿ ಇಟ್ಟಂತೆ. "ಲಾಲ್ ಅಹ್ಮದ್ ಮಿಸ್ತ್ರಿ ಮನಿಯವರು ಒಪ್ಪಿಸ್ಯಾರ."

ಅಂಬಾರಾಯರು ಕೈ ಮುಗಿಯುತ್ತಾರೆ. ಇಸಾಕ ಪಾನಾದ ಚೀಲ ತರಲು ಮನೆಗೆ ಹೋಗುತ್ತಾರೆ.

ಏನು ಬೇಕು ತಂಗಿ, ಕೇಳು ಎಂದು ಸಾವ್ಕಾರರು ಕೇಳಿದ್ದಕ್ಕೆ ಅವರು ತಲೆ ಅಲ್ಲಾಡಿಸುತ್ತಾರೆ. "ಏನೂ ಬ್ಯಾಡ್ರಿ. ಮುಚ್ಚಳಾ ಹಾಕೋ ಮುಂಚೆ ಒಂದ್ಸಲ ಚಾಲೂ ಮಾಡ್ರಿ. ಅವು ಏಳೋದು ಇಳಿಯೋದು ನಾ ಕಣ್ಣಲೆ ನೋಡಬೇಕು. ಇಷ್ಟು ವರ್ಷ ಮಾಡೀನಿ, ಒಂದು ಇಂಜಿನ್ನಿನಾಗ ಓಡೋದು ಕಂಡಿಲ್ಲ."

"ಅಂದ್ರ ನೀ ಕಾಳಗಿತನಕ ಬರ್ತೀ ಏನಕ್ಕಾ?" ಸಾಯಬಣ್ಣ ತಿರುಗಿ ಕೇಳುತ್ತಾರೆ. ಚಿತ್ತಾಪುರದಿಂದ ಆಚೆಯ ಆ ದಾರಿಗೆ ಸುಗರಾಬಿ ಆರು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟಿಲ್ಲ.

"ಬರ್ತೀನಿ. ಮೆಲ್ಲಗ ಹೊಡಿ. ಹೊಳಿ ಹತ್ರ ಜರಾ ನಿಲ್ಲಸು."

"ನಿಲ್ಲಸ್ತೀನಿ."

ಲಾರಿಯ ಕ್ಯಾಬಿನ್ನಿನಲ್ಲಿ ಕಿಟಕಿಯ ಪಕ್ಕ ಅವರಿಗೆ ಜಾಗ ಮಾಡಿಕೊಡುತ್ತಾರೆ. ಸಾವ್ಕಾರರು ಇಸಾಕರ ಜೊತೆ ಹಿಂದೆ ಹತ್ತುತ್ತಾರೆ. ಹಲಗೆ ಸುಗರಾಬಿಯವರ ತೊಡೆಯ ಮೇಲಿದೆ. ಲಾರಿ ರೇಲ್ವೆ ಗೇಟು ದಾಟಿ ಚಿತ್ತಾಪುರದ ಕಡೆ ತಿರುಗುತ್ತಲೇ ಚಕ್ರದಿಂದ ಕೆಂಪು ಧೂಳು ಏಳುತ್ತದೆ. ಸುಗರಾಬಿ ಸೆರಗು ಬಿಚ್ಚಿ, ಹನ್ನೆರಡು ಕಡ್ಡಿಗಳ ಮೇಲೆ ಹರಡಿ, ತುದಿಗಳನ್ನು ಹಲಗೆಯ ಅಡಿಗೆ ಸಿಕ್ಕಿಸುತ್ತಾರೆ.